ನೇರಳೆ ಮಾಸಿದ ಗೆಂಜಿ

ಜಪಾನಿನ ಮರದಚ್ಚಿನ ಚಿತ್ರಗಳ ಬಗ್ಗೆ ಕಳೆದ ತಿಂಗಳು ಬರೆದದ್ದಕ್ಕೆ ಬಂದ ಪತ್ರಗಳನ್ನೆಲ್ಲ ಓದಿದೆ. ಹೆಚ್ಚಿನವರು ಕೇಳಿರುವುದು ಅಲ್ಲಿನ ಹಳೆಯ ಕಥೆ, ಕವಿತೆಗಳನ್ನು ಹಿಡಿದು ಬರೆದ ಚಿತ್ರಗಳ ಬಗ್ಗೆ. ಇದು ಯಾವ ಕಥೆ, ಹಾಳೆಯ ಸ್ಥಿತಿ ಹೇಗಿದೆ, ಉಳಿಸಿಕೊಳ್ಳುವುದು ಹೇಗೆ ಎಂದು. ಹೊಸ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಚಿತ್ರಗಳಿಗೆ ಹಿಂದಿನಿಂದ ಕಾಗದ ಕೊಟ್ಟು, ಸುರುಳಿ ಕಟ್ಟಿ, ಹರಿದದ್ದನ್ನು ಸರಿಮಾಡುವವರನ್ನು ಜಪಾನಿನಲ್ಲಿ ಹ್ಯೋಗುಶಿ ಎನ್ನುತ್ತಾರೆ. ಕ್ಯೋಟೋದಲ್ಲಿ ಅಂಥ ಒಬ್ಬರ ಕೈಕೆಳಗೆ ಹನ್ನೊಂದು ವರ್ಷ ದುಡಿದವಳು ನಾನು. ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಹಾಳೆ ಏನು ಹೇಳುತ್ತದೆಯೋ ಅದನ್ನು ಹೇಳಬಲ್ಲೆ.

ಪ್ರಶ್ನೆ: ಟೋಕಿಯೊದ ಜಿಂಬೋಚೊದಲ್ಲಿ, ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ಮೂರು ಹಾಳೆ ಜೋಡಿಸಿ ನೋಡುವ ಚಿತ್ರವೊಂದನ್ನು ಕೊಂಡೆ. ಅಂಗಡಿಯವರು ‘ಗೆಂಜಿ’ ಎಂದರು. ನಾನು ಗೆಂಜಿಯ ಕಥೆಯನ್ನು ಅನುವಾದದಲ್ಲಿ ಓದಿದ್ದೇನೆ. ಈ ಚಿತ್ರದವನಿಗೆ ಸೀಗಡಿಯ ಬಾಲದಂತೆ ಕವಲೊಡೆದ ಜುಟ್ಟು ಇದೆ, ಉಡುಪೂ ಅಷ್ಟು ಹಳೆಯ ಕಾಲದ್ದಲ್ಲ. ಸಹಿ ‘ಟೊಯೊಕುನಿ’. ಪಕ್ಕದಲ್ಲಿ ಎರಡು ಪುಟ್ಟ ಮುದ್ರೆಗಳಿವೆ. ಒಂದರಲ್ಲಿ ‘ಹುಲಿ’ ಎಂದಿದೆಯೆಂದು ಇಲ್ಲಿನ ಗೆಳತಿ ಓದಿ ಹೇಳಿದಳು. ಮಧ್ಯದ ಹಾಳೆ ಮಾತ್ರ ಉಳಿದೆರಡಕ್ಕಿಂತ ಮಂಕಾಗಿದೆ. ಮೋಸ ಹೋದೆನೇ ಮೇಡಂ?
– ಯೊಕೊಹಾಮಾದಿಂದ ಒಬ್ಬ ಓದುಗರು

ಉತ್ತರ: ಮೋಸ ಹೋಗಿಲ್ಲ. ಅವನು ಗೆಂಜಿಯೇ, ಆದರೆ ನೀವು ಓದಿದ ಗೆಂಜಿಯಲ್ಲ.

ನೀವು ಓದಿರುವುದು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅರಮನೆಯ ಹೆಂಗಸು ಮುರಸಾಕಿ ಶಿಕಿಬು ಬರೆದ, ಗೆಂಜಿ ಎಂಬ ರಾಜಕುಮಾರನ 54 ಅಧ್ಯಾಯಗಳ ಕಥೆ. ಅದಾಗಿ ಎಂಟುನೂರು ವರ್ಷಗಳ ಮೇಲೆ, ಎದೊ ನಗರದಲ್ಲಿ (ಇಂದಿನ ಟೋಕಿಯೊ) ರ್ಯೂತೆಯಿ ತನೆಹಿಕೊ ಎಂಬಾತ ಆ ಕಥೆಯನ್ನು ಮುರಿದು ಹೊಸದಾಗಿ ಕಟ್ಟಿದ. ‘ನಿಸೆ ಮುರಸಾಕಿ ಇನಾಕ ಗೆಂಜಿ’ ಎಂದು ಹೆಸರಿಟ್ಟ. ಹುಸಿ ಮುರಸಾಕಿ ಹೇಳಿದ ಹಳ್ಳಿ ಗೆಂಜಿಯ ಕಥೆ ಎಂದರ್ಥ. ಕಾಲವನ್ನು ಹದಿನೈದನೆಯ ಶತಮಾನಕ್ಕೆ ಎಳೆದು ತಂದು, ನಾಯಕನನ್ನು ಶೋಗುನ್ (ಸೇನಾಧಿಪತಿ-ಆಳರಸ) ಅಶಿಕಾಗ ಯೊಶಿಮಾಸನ ಮಗ ಮಿತ್ಸುಉಜಿಯನ್ನಾಗಿ ಮಾಡಿದ. 1829ರಿಂದ ಕಂತು ಕಂತಾಗಿ ಬಂದ ಈ ಪುಸ್ತಕಕ್ಕೆ ಚಿತ್ರ ಬರೆದವನು ಉತಾಗಾವ ಕುನಿಸಾದ. ಸೀಗಡಿ ಬಾಲದ ಜುಟ್ಟು ಮಿತ್ಸುಉಜಿಯ ಗುರುತು. ಕೊಳಲು ಹಿಡಿದಿರಲಿ, ಹಿಮದಲ್ಲಿ ನಡೆಯುತ್ತಿರಲಿ, ಆ ಜುಟ್ಟು ಕಂಡರೆ ಎದೊ ಜನರಿಗೆ ಯಾರೆಂದು ಗೊತ್ತಾಗುತ್ತಿತ್ತು. 1842ರಲ್ಲಿ ಟೆನ್‌ಪೊ ಸುಧಾರಣೆಯೆಂದು ಸರ್ಕಾರದ ಬಿಗಿ ಕಟ್ಟಳೆಗಳು ಬಂದು 38ನೆಯ ಕಂತಿಗೆ ಪುಸ್ತಕ ನಿಂತುಹೋಯಿತು. ತನೆಹಿಕೊ ಅದೇ ವರ್ಷ ತೀರಿಕೊಂಡ. ಬಿಗಿ ಸಡಿಲವಾದ ಮೇಲೆ ಅದೇ ನಾಯಕ ನಿಮ್ಮಲ್ಲಿರುವಂಥ ಮೂರು ಹಾಳೆಗಳ ದೊಡ್ಡ ಚಿತ್ರಗಳಲ್ಲಿ ತಿರುಗಿ ಬಂದ.

ಇನ್ನು ಹುಲಿ. ಹನ್ನೆರಡು ವರ್ಷಕ್ಕೊಮ್ಮೆ ಹುಲಿಯ ವರ್ಷ ಬರುತ್ತದೆ. ಇಲ್ಲಿ ಲೆಕ್ಕಕ್ಕೆ ಸಿಗುವವು 1842, 1854, 1866. ಕುನಿಸಾದ ತನ್ನ ಗುರುವಿನ ಹೆಸರಾದ ‘ಟೊಯೊಕುನಿ’ಯನ್ನು ತಾನು ಇಟ್ಟುಕೊಂಡದ್ದು 1844ರಲ್ಲಿ, ತೀರಿಕೊಂಡದ್ದು 1865ರ ಜನವರಿಯಲ್ಲಿ. ಉಳಿದದ್ದು 1854 ಒಂದೇ. ಎರಡು ಮುದ್ರೆ ಬೇರೆ ಬೇರೆಯಾಗಿ ಇರುವುದೂ ಇದಕ್ಕೆ ಹೊಂದುತ್ತದೆ. ಆಗ ತಿಂಗಳು-ವರ್ಷದ ಮುದ್ರೆಯ ಜೊತೆಗೆ, ‘ಪರಿಶೀಲಿಸಲಾಗಿದೆ’ ಎನ್ನುವ ‘ಅರಾತಮೆ’ ಮುದ್ರೆಯನ್ನು ಪ್ರತ್ಯೇಕವಾಗಿ ಒತ್ತುತ್ತಿದ್ದರು. 1859ರಿಂದ ಎರಡನ್ನೂ ಒಂದೇ ದುಂಡು ಮುದ್ರೆಯೊಳಗೆ ಸೇರಿಸಿದರು.

ಮಧ್ಯದ ಹಾಳೆ ಮಂಕಾಗಿರುವುದಕ್ಕೆ ಎರಡು ಕಾರಣ ಇರಬಹುದು. ಬೇರೆ ಬೇರೆ ಕಡೆ ಸಿಕ್ಕ ಹಾಳೆಗಳನ್ನು ಯಾರೋ ಜೊತೆ ಮಾಡಿರಬಹುದು. ಇಲ್ಲವೇ ನಾಯಕ ಇರುವ ಹಾಳೆಯೆಂದು ಅದೊಂದನ್ನೇ ಗೋಡೆಗೆ ಹಾಕಿ, ಉಳಿದೆರಡನ್ನು ಪೆಟ್ಟಿಗೆಯಲ್ಲಿ ಇಟ್ಟಿರಬಹುದು. ಹಾಳೆಯನ್ನು ಮೆಲ್ಲನೆ ಮಗುಚಿ ನೋಡಿ. ಕೋಝೊ ಎಂಬ ಗಿಡದ ನಾರಿನ ಕಾಗದ ಬಣ್ಣವನ್ನು ಹೀರಿಕೊಳ್ಳುತ್ತದೆ. ‘ಬಾರೆನ್’ ಎಂಬ ದುಂಡು ಒತ್ತುಗೈಯಿಂದ ಉಜ್ಜಿದಾಗ ಬಣ್ಣ ಹಿಂಬದಿಗೂ ಇಳಿದಿರುತ್ತದೆ. ಮುಂದೆ ಮಂಕಾಗಿ, ಹಿಂದೆ ಬಣ್ಣ ಇನ್ನೂ ಗಟ್ಟಿಯಾಗಿದ್ದರೆ ಅದು ಬೆಳಕು ತಿಂದ ಹಾಳೆ. ಎರಡೂ ಬದಿ ಒಂದೇ ರೀತಿ ತೆಳುವಾಗಿದ್ದರೆ ಅಚ್ಚು ಹಾಕುವಾಗಲೇ ಬಣ್ಣ ಕಡಿಮೆಯಾಗಿತ್ತು, ಅಂದರೆ ಬೇರೆ ಸಲದ ಅಚ್ಚು. ಒಂದು ಹಾಳೆಯಿಂದ ಇನ್ನೊಂದಕ್ಕೆ ಹರಿಯುವ ಗೆರೆಗಳು, ಜಗಲಿಯ ಅಂಚು, ಮರದ ಕೊಂಬೆ ಸರಿಯಾಗಿ ಕೂಡುತ್ತವೆಯೇ ಎಂದೂ ನೋಡಿ.

ಇಲ್ಲಿ ನನ್ನ ಅನುಭವ ಒಂದನ್ನು ಹೇಳಬೇಕು. ಕ್ಯೋಟೋದಲ್ಲಿ ನಾಲ್ಕನೆಯ ವರ್ಷ, ಕುನಿಸಾದನ ಒಂದು ಗೆಂಜಿ ಹಾಳೆ ಚೌಕಟ್ಟಿನ ಸಮೇತ ನಮ್ಮಲ್ಲಿಗೆ ಬಂತು. ಹೆಂಗಸಿನ ಮೇಲುಡುಪು ಬೂದಿ ಮಿಶ್ರಿತ ನೀಲಿ. ಶೋಕದ ದೃಶ್ಯ ಇರಬೇಕು ಎಂದುಕೊಂಡೆ ನಾನು. ಚೌಕಟ್ಟು ಹಾಕಿದವರು ಅಗ್ಗದ ರಟ್ಟು ಕತ್ತರಿಸಿ ಚಿತ್ರದ ಅಂಚಿನ ಮೇಲೆ ಕೂರಿಸಿದ್ದರು. ಗುರುಗಳು ಬಿದಿರಿನ ಹೆರೆಯುಳಿಯಿಂದ ರಟ್ಟನ್ನು ಎಬ್ಬಿಸಿದಾಗ, ಅದರ ಕೆಳಗೆ ಬೆರಳುಗುರಿನಷ್ಟು ಅಗಲದ ಒಂದು ಪಟ್ಟಿ ಕಂಡಿತು. ನೇರಳೆ. ಈಗಷ್ಟೇ ಅದ್ದಿ ತೆಗೆದ ರೇಷ್ಮೆಯಂಥ ನೇರಳೆ. ಉಡುಪು ಪೂರ್ತಿ ಆ ಬಣ್ಣದ್ದಾಗಿತ್ತು. ಅದು ಶೋಕದ ಚಿತ್ರವಾಗಿರಲಿಲ್ಲ, ವಸಂತದ ಚಿತ್ರ. ಬೆಳಕು ಕಥೆಯನ್ನೇ ಬದಲಾಯಿಸಿಬಿಟ್ಟಿತ್ತು. ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ.

ಆ ನೇರಳೆ ಒಂದೇ ಬಣ್ಣವಲ್ಲ. ಕುಸುಬೆ ಹೂವಿನಿಂದ ತೆಗೆದ ಕೆಂಪಿಗೆ ನೀಲಿ ಬೆರೆಸಿ ಮಾಡಿದ್ದು. ಕುಸುಬೆಯ ಕೆಂಪು ಬೆಳಕಿಗೆ ನಿಲ್ಲುವುದಿಲ್ಲ, ಮೊದಲು ಅದು ಹೋಗುತ್ತದೆ. ನೀಲಿ ಗಟ್ಟಿಯದಾಗಿದ್ದರೆ ಹಿಂದೆ ಉಳಿಯುತ್ತದೆ, ಅದೇ ನೀವು ಕಾಣುವ ಬೂದಿ ನೀಲಿ. ಇನ್ನೊಂದು ಮಾತು ನೆನಪಿಡಿ. ‘ಮುರಸಾಕಿ’ ಎಂದರೆ ಜಪಾನಿ ಭಾಷೆಯಲ್ಲಿ ನೇರಳೆ. ಬರೆದವಳನ್ನು ಕರೆಯುವ ಹೆಸರು, ಕಥೆಯಲ್ಲಿ ಗೆಂಜಿ ಸಾಕಿ ಬೆಳೆಸಿ ಪ್ರೀತಿಸುವ ಹೆಣ್ಣಿನ ಹೆಸರು, ತನೆಹಿಕೊನ ಪುಸ್ತಕದ ಹೆಸರು, ಮೂರರಲ್ಲೂ ಆ ಬಣ್ಣವಿದೆ. ಹಾಗಾಗಿ ಗೆಂಜಿ ಚಿತ್ರ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಹರಿದದ್ದನ್ನಲ್ಲ, ನೇರಳೆಯನ್ನು.

ಪ್ರಶ್ನೆ: ನನ್ನಲ್ಲಿರುವ ಗೆಂಜಿ ಚಿತ್ರದ ಮೇಲ್ಮೂಲೆಯಲ್ಲಿ ಐದು ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದಂತೆ ಒಂದು ಗುರುತಿದೆ. ಪ್ರಕಾಶಕರ ಚಿಹ್ನೆಯೇ? ಗುರುತಿನ ತುದಿ ಹಾಳೆಯ ಅಂಚಿನಲ್ಲಿ ಕತ್ತರಿಸಿ ಹೋದಂತಿದೆ.

ಉತ್ತರ: ಪ್ರಕಾಶಕರದ್ದಲ್ಲ. ಅದು ಅಧ್ಯಾಯದ ಗುರುತು, ‘ಗೆಂಜಿ ಮೋನ್’. ಪರಿಮಳ ಗುರುತಿಸುವ ಆಟವೊಂದು ಜಪಾನಿನಲ್ಲಿದೆ. ಐದು ಸಲ ಧೂಪದ ಬಟ್ಟಲು ಕೈಗೆ ಬರುತ್ತದೆ. ಯಾವುದು ಯಾವುದರ ಪರಿಮಳ ಒಂದೇ ಎಂದು ಹೇಳಬೇಕು. ಒಂದೊಂದು ಬಟ್ಟಲಿಗೆ ಒಂದೊಂದು ನಿಂತ ಗೆರೆ, ಒಂದೇ ಪರಿಮಳದವಕ್ಕೆ ತಲೆಯ ಮೇಲೆ ಅಡ್ಡಗೆರೆಯ ಜೋಡಣೆ. ಹೀಗೆ 52 ವಿನ್ಯಾಸಗಳು ಸಾಧ್ಯ. ಮೊದಲ ಮತ್ತು ಕೊನೆಯ ಅಧ್ಯಾಯ ಬಿಟ್ಟು ಉಳಿದ 52ಕ್ಕೆ ಒಂದೊಂದನ್ನು ಹೊಂದಿಸಿದರು. ಚಿತ್ರಕಾರರಿಗೆ ಇದು ವರವಾಯಿತು. ಹೆಸರು ಬರೆಯದೆಯೇ ಅಧ್ಯಾಯ ಹೇಳಬಹುದಾಗಿತ್ತು.

ನಿಮ್ಮ ಐದು ಗೆರೆಗಳು ಎಲ್ಲಿಯೂ ಕೂಡದೆ ಬಿಡಿಬಿಡಿಯಾಗಿ ನಿಂತಿದ್ದರೆ ಅದು ‘ಹಹಾಕಿಗಿ’, ಎರಡನೆಯ ಅಧ್ಯಾಯ. ಮಳೆ ಸುರಿಯುವ ರಾತ್ರಿ ಗೆಂಜಿಯೂ ಗೆಳೆಯರೂ ಕೂತು ಹೆಂಗಸರ ಬಗ್ಗೆ ಹರಟುವ ಭಾಗ. ಐದೂ ಮೇಲೆ ಕೂಡಿದ್ದರೆ ‘ತೆನಾರಾಯಿ’, 53ನೆಯದು. ಇಲ್ಲೇ ನಿಮ್ಮ ಹಾಳೆಯ ತೊಂದರೆ ಇರುವುದು. ಅಡ್ಡಗೆರೆ ಇರಬೇಕಾದ ಜಾಗವೇ ಕತ್ತರಿಗೆ ಹೋಗಿದೆ. ಬಿಡಿ ಗೆರೆಗಳೋ, ಕೂಡಿದ ಗೆರೆಗಳ ಕಾಲುಗಳೋ? ಚಿತ್ರದೊಳಗೆ ಮಳೆ ಇದೆಯೇ ಎಂದು ನೋಡಿ ನೀವೇ ತೀರ್ಮಾನಿಸಬೇಕು.

ಹಳೆಯ ಮಾಲೀಕರು ಹಾಳೆಗಳನ್ನು ಆಲ್ಬಂಗೆ ಅಂಟಿಸುವಾಗ ಒಂದೇ ಅಳತೆಗೆ ಬರಲೆಂದು ಕತ್ತರಿಸುತ್ತಿದ್ದರು. ‘ಓಬಾನ್’ ಅಳತೆಯ ಹಾಳೆ ಸುಮಾರು 39 ಸೆಂಟಿಮೀಟರ್ ಉದ್ದ, 26 ಅಗಲ ಇರುತ್ತದೆ. ಖಾಲಿ ಅಂಚು ಮಾತ್ರ ಹೋಗಿದ್ದರೆ ನಾನು ಚಿಂತೆ ಮಾಡುವುದಿಲ್ಲ. ಗುರುತು, ಸಹಿ, ಮುದ್ರೆ, ಪದ್ಯದ ಸಾಲು ಹೋದರೆ ಮಾತ್ರ ಚಿತ್ರದ ಬಾಯಿ ಕಟ್ಟಿದಂತೆ.

ಪ್ರಶ್ನೆ: ಸುಜುಕಿ ಹರುನೊಬುವಿನದೆಂದು ಹೇಳಿ ತೋರಿಸಿದ ಚಿತ್ರವೊಂದರಲ್ಲಿ ನೀರಿನ ಮೇಲೆ ಅಂಕುಡೊಂಕಾದ ಹಲಗೆ ಸೇತುವೆ, ಐರಿಸ್ ಹೂಗಳು, ಒಬ್ಬಳು ಹುಡುಗಿ. ಇದರಲ್ಲಿ ಯಾವ ಕಾವ್ಯವಿದೆ? ಹೂಗಳು ಕಡು ನೀಲಿ, ನಿನ್ನೆ ಅಚ್ಚು ಹಾಕಿದಂತಿವೆ.
– ನಾಗೋಯಾದಿಂದ ಒಬ್ಬ ಓದುಗರು

ಉತ್ತರ: ಸೇತುವೆ ‘ಯಾತ್ಸುಹಾಶಿ’, ಕಾವ್ಯ ‘ಇಸೆ ಮೊನೊಗತಾರಿ’. ಈ ಕಥೆಯ ಸ್ಥಳ ನಿಮಗೆ ಹತ್ತಿರದ್ದೇ, ಹಳೆಯ ಮಿಕಾವಾ ಸೀಮೆಯದು. ರಾಜಧಾನಿ ಬಿಟ್ಟು ಪೂರ್ವಕ್ಕೆ ಹೊರಟ ಒಬ್ಬಾತ (ಕವಿ ನಾರಿಹಿರಾ ಎಂದು ನಂಬಿಕೆ) ಎಂಟು ಹಲಗೆಗಳ ಸೇತುವೆಯ ಬಳಿ ಊಟಕ್ಕೆ ಕೂರುತ್ತಾನೆ. ಐರಿಸ್ ಹೂಗಳನ್ನು ಕಂಡ ಜೊತೆಗಾರ, ‘ಕಕಿತ್ಸುಬಾತ’ ಎಂಬ ಆ ಹೂವಿನ ಹೆಸರಿನ ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಶುರುವಾಗುವಂತೆ ಪದ್ಯ ಕಟ್ಟು ಎನ್ನುತ್ತಾನೆ. ಉಟ್ಟು ಉಟ್ಟು ಮೈಗೆ ಹೊಂದಿದ ಬಟ್ಟೆಯಂತಿದ್ದ ಹೆಂಡತಿಯನ್ನು ನೆನೆದು ಅವನು ಹಾಡುತ್ತಾನೆ. ಕೇಳಿದವರ ಕಣ್ಣೀರು ಬುತ್ತಿಯ ಒಣ ಅನ್ನದ ಮೇಲೆ ಬಿದ್ದು ಅನ್ನ ಉಬ್ಬಿತಂತೆ. ಆ ಅನ್ನದ ಮಾತು ನನಗೆ ಬಹಳ ಇಷ್ಟ. ಎದೊ ಚಿತ್ರಕಾರರು ನಾರಿಹಿರಾನ ಜಾಗದಲ್ಲಿ ತಮ್ಮ ಕಾಲದ ಹುಡುಗಿಯನ್ನು ನಿಲ್ಲಿಸುತ್ತಿದ್ದರು. ಒಂದನ್ನು ತೋರಿಸಿ ಇನ್ನೊಂದನ್ನು ನೆನಪಿಸುವ ಇಂಥ ಚಿತ್ರಕ್ಕೆ ‘ಮಿತಾತೆ’ ಎನ್ನುತ್ತಾರೆ.

ಕಡು ನೀಲಿಯ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಹಲವು ಬಣ್ಣಗಳ ‘ನಿಶಿಕಿ-ಎ’ ಅಚ್ಚು 1765ರಲ್ಲಿ ಹರುನೊಬುವಿನ ಕಾಲಕ್ಕೆ ನೆಲೆಗೊಂಡಿತು. ಅವನು 1770ರಲ್ಲಿ ತೀರಿಕೊಂಡ. ಆಗ ಬಳಸುತ್ತಿದ್ದ ನೀಲಿಗಳಲ್ಲಿ ಮುಖ್ಯವಾದದ್ದು ತ್ಸುಯುಕುಸ ಎಂಬ ಪುಟ್ಟ ಹೂವಿನ ರಸ. ಅದರಷ್ಟು ಬೇಗ ಮಾಸುವ ಬಣ್ಣ ಇನ್ನೊಂದಿಲ್ಲ, ಒಂದು ಹನಿ ನೀರು ಬಿದ್ದರೂ ಕರಗುತ್ತದೆ. ಅವನ ಕಾಲದ ಎಷ್ಟೋ ಹಾಳೆಗಳಲ್ಲಿ ನೀಲಿ ಇದ್ದ ಜಾಗ ಈಗ ತಿಳಿ ಕಂದು. ಹಾಗೆ ಮಾಸದ ಗಟ್ಟಿ ನೀಲಿಯಾದ ಪ್ರಷ್ಯನ್ ನೀಲಿ ಎದೊ ಅಚ್ಚುಗಳಲ್ಲಿ ಧಾರಾಳವಾಗಿ ಬಳಕೆಗೆ ಬಂದದ್ದು 1830ರ ಹೊತ್ತಿಗೆ. ನಿಮಗೆ ತೋರಿಸಿದ್ದು ನಂತರ ಹೊಸ ಹಲಗೆ ಕೆತ್ತಿ ತೆಗೆದ ಪ್ರತಿಯಾಗಿರುವ ಸಾಧ್ಯತೆ ಹೆಚ್ಚು. ಅಂಥ ಪ್ರತಿಗಳೂ ಚಂದವೇ, ಕೈಯಿಂದಲೇ ಮಾಡಿದವೇ. ಆದರೆ ಹರುನೊಬುವಿನ ಬೆಲೆ ಕೊಡಬೇಡಿ. ಇಷ್ಟನ್ನು ದೂರದಿಂದ ಹೇಳಬಲ್ಲೆ. ಹಾಳೆಯನ್ನು ಕೈಯಲ್ಲಿ ಹಿಡಿದು ನೋಡುವವರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಹೊಕುಸಾಯಿಯ ‘ನೂರು ಕವಿಗಳು’ ಸರಣಿಯ ಹಾಳೆಯೊಂದು ನನ್ನ ಬಳಿ ಇದೆ. ಬಣ್ಣಗಳು ಚೆನ್ನಾಗಿವೆ, ಆದರೆ ಕಾಗದ ಚಹಾ ಬಣ್ಣಕ್ಕೆ ತಿರುಗಿದೆ. ಇದು ದೊಡ್ಡ ದೋಷವೇ?

ಉತ್ತರ: ಯಾವ ಕವಿಯ ಹಾಳೆ ಎಂಬುದನ್ನು ನೋಡಿಕೊಂಡು ಹೇಳಬೇಕಾದ ಮಾತು ಇದು. ಫುಜಿವಾರಾ ನೊ ತೇಯ್ಕ ಹದಿಮೂರನೆಯ ಶತಮಾನದಲ್ಲಿ ನೂರು ಕವಿಗಳಿಂದ ಒಂದೊಂದು ಪದ್ಯ ಆರಿಸಿದ. ಅದನ್ನು ‘ದಾದಿ ಬಿಡಿಸಿ ಹೇಳಿದಂತೆ’ ಎಂಬ ನೆಪದಲ್ಲಿ ಹೊಕುಸಾಯಿ 1830ರ ದಶಕದಲ್ಲಿ ಚಿತ್ರಿಸತೊಡಗಿದ. ನೂರರಲ್ಲಿ 27 ಮಾತ್ರ ಆಗ ಅಚ್ಚಾಗಿ ಹೊರಬಂದವು.

ಅದರ ಎರಡನೆಯ ಪದ್ಯ ಜಿತೊ ಮಹಾರಾಣಿಯದು. ವಸಂತ ಕಳೆದು ಬೇಸಿಗೆ ಬಂತೆಂದು ತೋರುತ್ತದೆ, ಕಾಗು ಬೆಟ್ಟದ ಮೇಲೆ ಬಿಳಿ ಬಟ್ಟೆ ಒಣಹಾಕಿದ್ದಾರೆ ಎಂಬ ಭಾವ. ಪದ್ಯದ ಜೀವ ಆ ಬಿಳಿಯಲ್ಲಿದೆ. ಮರದಚ್ಚಿನಲ್ಲಿ ಬಿಳಿಗೆಂದು ಬೇರೆ ಬಣ್ಣ ಹಚ್ಚುವುದು ಅಪರೂಪ. ಬಣ್ಣ ತಾಗದೆ ಉಳಿದ ಕಾಗದವೇ ಬಿಳಿ. ಕಾಗದ ಕಂದಾದರೆ ಮಹಾರಾಣಿಯ ಬಟ್ಟೆಗಳೂ ಕಂದಾಗುತ್ತವೆ. ಸಂಜೆಗತ್ತಲಿನ ಚಿತ್ರವಾದರೆ ಅದೇ ಚಹಾ ಬಣ್ಣ ಕಣ್ಣಿಗೂ ಬೀಳುವುದಿಲ್ಲ.

ಪರಿಣತರು ನೀರಿನಲ್ಲಿ ತೊಳೆದು ಈ ಕಂದನ್ನು ಸ್ವಲ್ಪ ಇಳಿಸಬಲ್ಲರು, ಆದರೆ ಪ್ರತಿ ಬಣ್ಣವನ್ನೂ ಅವರು ಮೊದಲು ಪರೀಕ್ಷಿಸಬೇಕು. ಬ್ಲೀಚ್ ಹಾಕಿ ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ. ಕಾಗದದ ನಾರು ಸತ್ತುಹೋಗುತ್ತದೆ.

ಪ್ರಶ್ನೆ: ಕೊಳೆಯನ್ನು ಮನೆಯಲ್ಲೇ ರಬ್ಬರಿನಿಂದ ಉಜ್ಜಿ ತೆಗೆಯಬಹುದೇ?

ಉತ್ತರ: ಬೇಡ. ಕಾಗದ ಹೀರಿದ್ದು ಬಿಟ್ಟು ಉಳಿದ ಬಣ್ಣ ಮೇಲೆ ಪುಡಿಯಂತೆ ಕೂತಿರುತ್ತದೆ, ಕೊಳೆಯ ಜೊತೆ ಅದೂ ಬರುತ್ತದೆ.

ಪ್ರಶ್ನೆ: ಚಿತ್ರವನ್ನು ಗೋಡೆಗೆ ಹಾಕಲೇಬೇಕೆಂಬ ಆಸೆ. ಯುವಿ ತಡೆಯುವ ಗಾಜು ಹಾಕಿಸಿದರೆ ಸಾಲದೇ?
– ಒಸಾಕಾದಿಂದ ಒಬ್ಬ ಓದುಗರು

ಉತ್ತರ: ಸಾಲದು. ಆ ಗಾಜು ಹಾನಿಯ ವೇಗ ತಗ್ಗಿಸುತ್ತದೆ ಅಷ್ಟೆ. ಕಣ್ಣಿಗೆ ಕಾಣುವ ಬೆಳಕೂ ಕುಸುಬೆಯ ಕೆಂಪನ್ನು ತಿನ್ನುತ್ತದೆ. ಮ್ಯೂಸಿಯಂಗಳಲ್ಲಿ ಇಂಥ ಹಾಳೆಗಳಿಗೆ 50 ಲಕ್ಸ್‌ನಷ್ಟೇ ಬೆಳಕು ಕೊಟ್ಟು, ಕೆಲವೇ ವಾರ ತೋರಿಸಿ, ಮತ್ತೆ ಕತ್ತಲೆಯಲ್ಲಿ ಬಹುಕಾಲ ಇಡುತ್ತಾರೆ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂಗೆ 1921ರಲ್ಲಿ ಸ್ಪಾಲ್ಡಿಂಗ್ ಸಹೋದರರು ಸುಮಾರು 6,500 ಜಪಾನಿ ಅಚ್ಚುಗಳನ್ನು ಕೊಟ್ಟಾಗ ಹಾಕಿದ ಷರತ್ತು, ಇವನ್ನು ಎಂದೂ ಪ್ರದರ್ಶನಕ್ಕೆ ಇಡಬಾರದು ಎಂದು. ಆಗ ಕಠಿಣವೆನಿಸಿರಬೇಕು. ನೇರಳೆ, ಗುಲಾಬಿ, ತ್ಸುಯುಕುಸದ ನೀಲಿ ಮೊದಲು ಹೇಗಿದ್ದವು ಎಂದು ತಿಳಿಯಬೇಕಾದವರು ಇಂದು ನೋಡುವುದು ಆ ಸಂಗ್ರಹವನ್ನು.

ನೀವು ಹಾಕಲೇಬೇಡಿ ಎನ್ನುವುದಿಲ್ಲ. ನೋಡಲೆಂದೇ ಮಾಡಿದ ಹಾಳೆ ಅದು. ಕಿಟಕಿಯ ಎದುರು ಗೋಡೆ ಬಿಟ್ಟು ಒಳಗಿನ ಮಬ್ಬು ಗೋಡೆಗೆ ಹಾಕಿ, ಒಂದು ಋತು ನೋಡಿ, ತೆಗೆದಿಡಿ. ಆಮ್ಲವಿಲ್ಲದ ರಟ್ಟು ಬಳಸಿ. ಹಾಳೆಯನ್ನು ಟೇಪಿನಿಂದ ಅಂಟಿಸದೆ, ಮೇಲಂಚಿಗೆ ಎರಡು ಪುಟ್ಟ ಜಪಾನಿ ಕಾಗದದ ತುಂಡುಗಳನ್ನು ಗೋಧಿಹಾಲಿನ ಅಂಟಿನಿಂದ ಹಚ್ಚಿ ನೇತುಹಾಕಿಸಿ. ಗಾಜಿಗೂ ಹಾಳೆಗೂ ನಡುವೆ ಗಾಳಿ ಇರಲಿ. ಜೂನ್ ತಿಂಗಳ ಮಳೆ ಶುರುವಾಗುವ ಮೊದಲೇ ಗೋಡೆಯಿಂದ ಇಳಿಸಿಬಿಡಿ. ಆ ಐದಾರು ವಾರಗಳಲ್ಲಿ ಬರುವ ಬೂಷ್ಟನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ.

ಪ್ರಶ್ನೆ: ನನ್ನ ಹಾಳೆಯಲ್ಲಿ ಹುಳ ಕೊರೆದ ಮೂರು ತೂತುಗಳಿವೆ. ಹಿಂದೆ ದಪ್ಪ ಕಾಗದ ಅಂಟಿಸಿದ್ದಾರೆ. ತೆಗೆಸಬೇಕೇ?

ಉತ್ತರ: ತೂತು ನನಗೆ ಭಯ ಹುಟ್ಟಿಸುವುದಿಲ್ಲ. ತೂತಿನ ಆಕಾರಕ್ಕೇ ಕೋಝೊ ಕಾಗದದ ಚೂರು ಹರಿದು, ಅಂಚಿನ ನಾರು ತೆಳುವಾಗಿಸಿ, ಹಿಂದಿನಿಂದ ಹಚ್ಚಿದರೆ ಸಾಕು. ಬೇಡವೆನಿಸಿದ ದಿನ ನೀರು ತಾಗಿಸಿ ತೆಗೆಯಬಹುದು. ತೂತಿನಲ್ಲಿ ಕಳೆದ ಗೆರೆಯನ್ನು ಕುಂಚದಿಂದ ಬರೆದು ಸೇರಿಸಬೇಡಿ ಎಂದು ಮುಂಚೆಯೇ ಹೇಳಿ. ಹಾಗೆ ಬರೆದದ್ದು ಹಿಂದಿನಿಂದ ದೀಪ ಹಿಡಿದರೆ ಕಂಡೇ ಕಾಣುತ್ತದೆ, ಆಗ ಉಳಿದ ಹಾಳೆಯ ಮೇಲೂ ನಂಬಿಕೆ ಹೋಗುತ್ತದೆ.

ಹಿಂದಿನ ದಪ್ಪ ಕಾಗದ ತೆಗೆಸಬೇಕೋ ಬೇಡವೋ ಎಂಬುದು ಅಂಟನ್ನು ನೋಡಿ ಹೇಳುವ ಮಾತು. ಕ್ಯೋಟೋದ ಹ್ಯೋಗುಶಿಗಳು ಸುರುಳಿಗಳಿಗೆಂದು ಗೋಧಿಹಾಲಿನ ಅಂಟನ್ನು ಕಡುಚಳಿಯಲ್ಲಿ ಕಾಯಿಸಿ, ಜಾಡಿಯಲ್ಲಿ ತುಂಬಿ, ಹತ್ತು ವರ್ಷ ಹಳತಾಗಲು ಬಿಡುತ್ತಾರೆ. ಹಾಗೆ ಹಳತಾದದ್ದು ಬಿಗಿಯಾಗಿ ಹಿಡಿಯುವುದಿಲ್ಲ, ಆದ್ದರಿಂದಲೇ ಕಾಗದ ಸೆಟೆಯುವುದಿಲ್ಲ. ನಿಮ್ಮ ಹಾಳೆ ಮಡಚಿದರೆ ಮುರಿಯುವಷ್ಟು ಸೆಟೆದಿದ್ದರೆ ತೆಗೆಸಿ. ಮೆತ್ತಗಿದ್ದರೆ ಹಾಗೇ ಬಿಡಿ. ತೆಗೆಯಲು ನೀರು ಬೇಕು, ನೀರಿಗೆ ಯಾವ ಬಣ್ಣ ಹೆದರುತ್ತದೆ ಎಂದು ಮೇಲೆ ಹೇಳಿದ್ದೇನೆ.

ಪ್ರಶ್ನೆ: ಎರಡನೆಯ ಕುನಿಸಾದ (ಕುನಿಸಾದನ ಶಿಷ್ಯ) 1857ರಲ್ಲಿ ಮಾಡಿದ ಗೆಂಜಿ ಸರಣಿಯ ಒಂದೇ ಚಿತ್ರದ ಎರಡು ಪ್ರತಿಗಳು ಅಂಗಡಿಯಲ್ಲಿವೆ. ಒಂದರಲ್ಲಿ ಅಂಚುಗಳು ಪೂರ್ತಿ ಇವೆ, ಒಂದು ತೂತೂ ಇಲ್ಲ, ಆದರೆ ಬಣ್ಣ ಮಾಸಿದೆ. ಇನ್ನೊಂದರಲ್ಲಿ ನಡುವೆ ಮಡಿಕೆ ಬಿದ್ದಿದೆ, ಕೆಳಗೆ ಹುಳ ತಿಂದಿದೆ, ಬಣ್ಣ ಮಾತ್ರ ಹೊಳೆಯುತ್ತದೆ. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದನ್ನು ಕೊಳ್ಳಲಿ?
– ಕೋಬೆಯಿಂದ ಒಬ್ಬ ಓದುಗರು

ಉತ್ತರ: ಎರಡನೆಯದು. ಮಡಿಕೆಯನ್ನು ತೇವ ಕೊಟ್ಟು ಒತ್ತಿಟ್ಟು ಸಡಿಲಿಸಬಹುದು, ತೂತು ಮುಚ್ಚಬಹುದು. ಮಾಸಿದ ನೇರಳೆಯನ್ನು ಹಿಂದಕ್ಕೆ ತರುವ ಕೈ ನಾನು ಇದುವರೆಗೆ ನೋಡಿಲ್ಲ. ಕೊಳ್ಳುವ ಮೊದಲು ಹುಳ ತಿಂದಿರುವುದು ಮುದ್ರೆಯನ್ನೋ ಅಧ್ಯಾಯದ ಹೆಸರನ್ನೋ ಎಂದು ಮಾತ್ರ ನೋಡಿಕೊಳ್ಳಿ. ತಂದ ಮೇಲೆ ಬೇರೆ ಹಾಳೆಗಳ ಜೊತೆ ಸೇರಿಸದೆ, ಒಂದು ತಿಂಗಳು ಪ್ರತ್ಯೇಕ ಲಕೋಟೆಯಲ್ಲಿ ಇಡಿ. ಕೆಳಗೆ ಹೊಸದಾಗಿ ಕಾಗದದ ಪುಡಿ ಉದುರಿದ್ದರೆ ಹುಳ ಇನ್ನೂ ಒಳಗಿದೆ ಎಂದು ತಿಳಿಯಿರಿ.